ನಾಯಕತ್ವ ಮತ್ತು ನೌಕರರ ಯೋಗಕ್ಷೇಮ

ಕೆಲಸ ಮಾಡಿಸುವವರು ನಡೆದುಕೊಳ್ಳುವ ರೀತಿಗೂ ಕೆಲಸ ಮಾಡುವವರ ದೇಹ, ಮನಸ್ಸು, ಒಡನಾಟಗಳ ಸ್ಥಿತಿಗೂ ಇರುವ ನಂಟನ್ನು ಹುಡುಕುವ ಅಧ್ಯಯನ ಶಾಖೆ. ಮಾನವ ಸಂಪನ್ಮೂಲ ನಿರ್ವಹಣೆಯ ಒಂದು ಕವಲಾಗಿ ಇದು ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಬೆಳೆಯಿತು. ಆದರೆ ಮನಶ್ಶಾಸ್ತ್ರಜ್ಞರು, ಹೃದ್ರೋಗದ ಜಾಡು ಹಿಡಿದ ವೈದ್ಯರು, ಈಚೆಗೆ ಅರ್ಥಶಾಸ್ತ್ರಜ್ಞರು ಕೂಡ ಇದೇ ಹೊಲವನ್ನು ಉಳುತ್ತಿದ್ದಾರೆ. ಒಬ್ಬರ ಬದು ದಾಟಿ ಇನ್ನೊಬ್ಬರು ಹೋಗುವುದು ಅಪರೂಪ. ಹಾಗಾಗಿ ಒಂದು ಕಡೆ ಹಳೆಯದಾದ ಸಂಗತಿ ಮತ್ತೊಂದು ಕಡೆ ಹೊಸ ಶೋಧವೆಂದು ಪ್ರಕಟವಾಗುವುದೂ ಉಂಟು.

ಇಲ್ಲಿ ‘ನಾಯಕ’ ಎಂದರೆ ಪತ್ರಿಕೆಗಳಲ್ಲಿ ಫೋಟೊ ಬರುವ ಮುಖ್ಯಸ್ಥರಲ್ಲ. ಹೆಚ್ಚಿನ ಅಧ್ಯಯನಗಳು ನೋಡುವುದು ರಜೆ ಚೀಟಿಗೆ ಸಹಿ ಹಾಕುವವರನ್ನು: ಗಾರ್ಮೆಂಟ್ಸ್‌ನ ಲೈನ್ ಸೂಪರ್‌ವೈಸರ್, ಆಸ್ಪತ್ರೆಯ ವಾರ್ಡಿನ ಹಿರಿಯ ನರ್ಸ್, ಸಾಫ್ಟ್‌ವೇರ್ ಕಂಪನಿಯ ಟೀಮ್ ಲೀಡ್, ಕಾಫಿ ತೋಟದ ಮೇಸ್ತ್ರಿ. ‘ಯೋಗಕ್ಷೇಮ’ ಎಂಬ ನಮ್ಮ ಮಾತಂತೂ ಈ ವಿಷಯಕ್ಕೆಂದೇ ಹೊಲಿಸಿದಂತಿದೆ. ಇಲ್ಲದ್ದು ದೊರೆಯುವುದು ಯೋಗ, ದೊರೆತದ್ದು ಉಳಿಯುವುದು ಕ್ಷೇಮ ಎಂದು ಹಳಬರು ಬಿಡಿಸಿ ಹೇಳುತ್ತಿದ್ದರು. ಸಂಶೋಧಕರು ಇದನ್ನು ಬೇರೆ ಬಗೆಯಲ್ಲಿ ಬಿಡಿಸುತ್ತಾರೆ. 2007ರಲ್ಲಿ ಆಡಂ ಗ್ರಾಂಟ್ ಮತ್ತು ಸಂಗಡಿಗರು ಬರೆದ ಲೇಖನದ ನಂತರ ಸಂತೋಷ, ಆರೋಗ್ಯ, ಸಂಬಂಧ ಎಂಬ ಮೂರು ಭಾಗ ಮಾಡುವುದು ರೂಢಿಯಾಗಿದೆ. ಈ ವಿಂಗಡಣೆಯಿಂದ ಒಂದು ಉಪಕಾರವಾಯಿತು. ಮೂರೂ ಒಟ್ಟೊಟ್ಟಿಗೆ ಏರುವುದಿಲ್ಲ ಎಂಬುದು ಕಣ್ಣಿಗೆ ಬಿತ್ತು. ಕೆಲಸಕ್ಕೆ ಹೊಸ ಹೊಣೆ ಸೇರಿಸಿ ರುಚಿ ಹೆಚ್ಚಿಸಿದರೆ ನೌಕರ ಖುಷಿಯಾಗಬಹುದು; ಅದೇ ಹೊಣೆ ರಾತ್ರಿ ನಿದ್ದೆಯನ್ನು ಕದಿಯಬಹುದು. ತಂಡದಲ್ಲಿ ಒಬ್ಬನಿಗೆ ಬೋನಸ್ ಕೊಟ್ಟರೆ ಅವನ ಸಂತೋಷ ಹೆಚ್ಚಿ, ಮಧ್ಯಾಹ್ನ ಜೊತೆಗೆ ಕೂತು ಡಬ್ಬಿ ಬಿಚ್ಚುವ ಗೆಳೆತನ ಕೆಡಬಹುದು.

ಹಾಥಾರ್ನ್‌ನ ದೀಪಗಳು

ಈ ಶಾಖೆಯ ಮೂಲ ಕಥೆ ಅಮೆರಿಕದ ಶಿಕಾಗೋ ಪಕ್ಕದ ಸಿಸೆರೊ ಎಂಬಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯದು. ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ಈ ಕಾರ್ಖಾನೆಯಲ್ಲಿ 1924ರಲ್ಲಿ ಶುರುವಾದ ಪ್ರಯೋಗಕ್ಕೂ ಯೋಗಕ್ಷೇಮಕ್ಕೂ ಸಂಬಂಧವೇ ಇರಲಿಲ್ಲ. ಬೆಳಕು ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತದೆಯೇ ಎಂದು ನೋಡುವುದಷ್ಟೇ ಉದ್ದೇಶ. ಬೆಳಕು ಏರಿಸಿದರೂ ಕೆಲಸ ಹೆಚ್ಚಿತು, ಇಳಿಸಿದರೂ ಹೆಚ್ಚಿತು ಎಂಬ ಕಥೆ ಅಲ್ಲಿಂದ ಹುಟ್ಟಿತು.

1927ರಲ್ಲಿ ಐವರು ಯುವತಿಯರನ್ನು ಬೇರೊಂದು ಕೋಣೆಗೆ ಕರೆದೊಯ್ದು ಕೂರಿಸಿದರು. ಅವರ ಕೆಲಸ ರಿಲೇ ಜೋಡಿಸುವುದು. ಜೋಡಿಸಿ ಮುಗಿದ ಪ್ರತಿ ರಿಲೇಯನ್ನೂ ಒಂದು ಇಳಿಜಾರು ಕೊಳವೆಗೆ ಹಾಕಬೇಕು; ಅದು ಜಾರಿ ಬೀಳುವಾಗ ಕಾಗದದ ಪಟ್ಟಿಯ ಮೇಲೆ ಗುರುತು ಬೀಳುತ್ತದೆ. ವಿರಾಮ ಕೊಟ್ಟು ನೋಡಿದರು, ತಿಂಡಿ ಕೊಟ್ಟು ನೋಡಿದರು, ಬೇಗ ಮನೆಗೆ ಬಿಟ್ಟು ನೋಡಿದರು. ಉತ್ಪಾದನೆ ಬಹುಪಾಲು ಏರುತ್ತಲೇ ಹೋಯಿತು. ಹಾರ್ವರ್ಡ್‌ನ ಎಲ್ಟನ್ ಮೇಯೊ ಇದಕ್ಕೆ ಕೊಟ್ಟ ಅರ್ಥ ಜಗತ್ತಿನ ಎಲ್ಲ ಮ್ಯಾನೇಜ್‌ಮೆಂಟ್ ಪಠ್ಯಪುಸ್ತಕಗಳಿಗೂ ಹಬ್ಬಿತು: ಗದರುವ ಫೋರ್‌ಮನ್ ಇಲ್ಲದ ಕಡೆ, ಮಾತು ಕೇಳುವವರು ಇರುವ ಕಡೆ, ಮನುಷ್ಯರು ಚೆನ್ನಾಗಿ ದುಡಿಯುತ್ತಾರೆ. ರೋಥ್ಲಿಸ್‌ಬರ್ಗರ್ ಮತ್ತು ಡಿಕ್ಸನ್ 1939ರಲ್ಲಿ ಇಡೀ ವೃತ್ತಾಂತವನ್ನು ದಪ್ಪ ಗ್ರಂಥವಾಗಿಸಿದರು. ಗಮನ ಸಿಕ್ಕಿದ್ದರಿಂದಲೇ ಕೆಲಸ ಹೆಚ್ಚುವುದಕ್ಕೆ ‘ಹಾಥಾರ್ನ್ ಪರಿಣಾಮ’ ಎಂಬ ಹೆಸರು ಬಂದದ್ದು ಇನ್ನೂ ತಡವಾಗಿ, 1958ರಲ್ಲಿ, ಹೆನ್ರಿ ಲ್ಯಾಂಡ್ಸ್‌ಬರ್ಗರ್ ಅವರಿಂದ.

ಪಠ್ಯಪುಸ್ತಕಗಳು ಮೆಲ್ಲಗೆ ದಾಟಿಬಿಡುವ ಸಂಗತಿಗಳೂ ಇವೆ. 1928ರ ಜನವರಿಯಲ್ಲಿ ಆ ಐವರಲ್ಲಿ ಇಬ್ಬರನ್ನು ಕೋಣೆಯಿಂದ ತೆಗೆದು ಬೇರೆಯವರನ್ನು ಕೂರಿಸಲಾಯಿತು. ಅವರ ಮೇಲಿದ್ದ ದೂರು: ಮಾತು ಜಾಸ್ತಿ, ಸಹಕಾರ ಕಮ್ಮಿ. ಮಾತು ಕೇಳಿಸಿಕೊಳ್ಳುವ ಮೇಲ್ವಿಚಾರಣೆಯ ಮಹಿಮೆಗೆ ಸಾಕ್ಷಿಯಾದ ಕೋಣೆಯಿಂದಲೇ ಮಾತಾಡಿದ್ದಕ್ಕೆ ಇಬ್ಬರು ಹೊರಬಿದ್ದರು ಎಂಬುದನ್ನು ಓದುವಾಗ ನಗು ಬರುತ್ತದೆ. ಮೇಲಾಗಿ ಆ ಕೋಣೆಯಲ್ಲಿ ಕೂಲಿಯ ಲೆಕ್ಕವೂ ಬದಲಾಗಿತ್ತು. ದೊಡ್ಡ ವಿಭಾಗದ ಬದಲು ತಮ್ಮ ಪುಟ್ಟ ಗುಂಪಿನ ಉತ್ಪಾದನೆಗೆ ತಕ್ಕಂತೆ ಹಣ ಬರುತ್ತಿತ್ತು. 2011ರಲ್ಲಿ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಬೆಳಕಿನ ಪ್ರಯೋಗದ ಹಳೆಯ ಅಂಕಿಗಳನ್ನು ಹುಡುಕಿ ತೆಗೆದು ಲೆಕ್ಕ ಹಾಕಿದಾಗ ಹೆಸರುವಾಸಿಯಾದ ಆ ಏರಿಕೆ ಬಹುಮಟ್ಟಿಗೆ ಕಟ್ಟುಕಥೆ ಎಂದು ತಿಳಿಯಿತು. ದೀಪ ಬದಲಿಸುತ್ತಿದ್ದದ್ದು ಭಾನುವಾರ. ಸೋಮವಾರದ ಉತ್ಪಾದನೆ ಶನಿವಾರದ್ದಕ್ಕಿಂತ ಹೇಗಿದ್ದರೂ ಹೆಚ್ಚು, ದೀಪ ಬದಲಾಗಲಿ ಬಿಡಲಿ. ಕಥೆ ಸುಳ್ಳಾದರೂ, ಮೇಲಿನವರ ನಡವಳಿಕೆ ದುಡಿಯುವವರನ್ನು ಬದಲಿಸುತ್ತದೆಯೇ ಎಂದು ಅದು ಎತ್ತಿದ ಪ್ರಶ್ನೆ ನಿಜವಾದದ್ದೇ ಆಗಿತ್ತು.

ಶೈಲಿಗಳ ಸಂತೆ

ನಾಯಕನ ನಡವಳಿಕೆಯನ್ನೇ ಬೇರೆಬೇರೆ ಮಾಡಿ ಪರೀಕ್ಷಿಸಿದ ಮೊದಲಿಗರು ಅಯೋವಾದ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್. ಅವರ 1939ರ ಪ್ರಯೋಗದಲ್ಲಿ ಇದ್ದದ್ದು ಕಾರ್ಮಿಕರಲ್ಲ, ಸುಮಾರು ಹತ್ತು ವರ್ಷದ ಹುಡುಗರ ಕ್ಲಬ್ಬುಗಳು. ಆಜ್ಞೆ ಮಾಡುವ ಹಿರಿಯ, ಎಲ್ಲರನ್ನೂ ಕೇಳಿ ನಡೆಯುವ ಹಿರಿಯ, ಏನಾದರೂ ಮಾಡಿಕೊಳ್ಳಿ ಎಂದು ಬಿಡುವ ಹಿರಿಯ ಎಂಬ ಮೂರು ಬಗೆ ಅಲ್ಲಿಂದ ಬಂದವು. ಆಜ್ಞೆಯ ಗುಂಪಿನಲ್ಲಿ ಹಿರಿಯ ಕೋಣೆಯಿಂದ ಆಚೆ ಹೋದೊಡನೆ ಕೆಲಸ ಸಡಿಲವಾಗುತ್ತಿತ್ತು. ಮೇಷ್ಟ್ರು ಸ್ಟಾಫ್ ರೂಮಿಗೆ ಹೋದ ತರಗತಿಯಲ್ಲಿ ಕೂತವರಿಗೆ ಇದು ಹೊಸ ಸುದ್ದಿಯಲ್ಲ.

ಎರಡನೇ ಮಹಾಯುದ್ಧದ ನಂತರ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಮೇಲ್ವಿಚಾರಕರ ನೂರಾರು ವರ್ತನೆಗಳನ್ನು ಸೋಸಿ ಎರಡು ರಾಶಿ ಮಾಡಿದರು: ಕೆಲಸವನ್ನು ಕಟ್ಟುನಿಟ್ಟಾಗಿ ಹೊಂದಿಸಿ ಕೊಡುವುದು ಒಂದು, ಕೆಲಸಗಾರರ ಬಗ್ಗೆ ಕಾಳಜಿ ಇನ್ನೊಂದು. ಎಡ್ವಿನ್ ಫ್ಲೈಶ್‌ಮನ್ ಮತ್ತು ಎಡ್ವಿನ್ ಹ್ಯಾರಿಸ್ 1962ರಲ್ಲಿ ಲಾರಿ ತಯಾರಿಸುವ ಒಂದು ಕಾರ್ಖಾನೆಯ 57 ಫೋರ್‌ಮನ್‌ಗಳ ಕೈಕೆಳಗಿನವರು ಬರೆದುಕೊಟ್ಟ ದೂರುಗಳನ್ನೂ ಕೆಲಸ ಬಿಟ್ಟವರ ಸಂಖ್ಯೆಯನ್ನೂ ಈ ಎರಡು ರಾಶಿಗಳ ಎದುರಿಗಿಟ್ಟು ನೋಡಿದರು. ಕಾಳಜಿ ಇಲ್ಲದ ಫೋರ್‌ಮನ್ ಬಿಗಿ ಹೆಚ್ಚಿಸಿದರೂ ತಗ್ಗಿಸಿದರೂ ದೂರುಗಳು ಬೀಳುತ್ತಲೇ ಇದ್ದವು. ಕಾಳಜಿ ಇರುವವನು ಬಿಗಿ ಹೆಚ್ಚಿಸಿದರೆ ಜನ ಹೆಚ್ಚೇನೂ ಗೊಣಗಲಿಲ್ಲ. ಅರವತ್ತು ವರ್ಷ ಕಳೆದರೂ ಈ ಅಧ್ಯಯನ ತಾಜಾ ಆಗಿ ಓದಿಸಿಕೊಳ್ಳುತ್ತದೆ. ಮುಖ್ಯ ಕಾರಣ, ಅವರು ಎಣಿಸಿದ್ದು ಅಭಿಪ್ರಾಯಗಳನ್ನಲ್ಲ, ನಡೆದುಹೋದ ಸಂಗತಿಗಳನ್ನು.

ನಂತರ ಬಂದದ್ದು ವಿಶೇಷಣಗಳ ಕಾಲ. ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಸೇವಕ ನಾಯಕತ್ವದ ಪ್ರಬಂಧ ಬರೆದರು. ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ರಾಜಕಾರಣಿಗಳ ಬಗ್ಗೆ ಹೇಳಿದ್ದನ್ನು ಬರ್ನಾರ್ಡ್ ಬಾಸ್ 1985ರಲ್ಲಿ ಕಂಪನಿಗಳಿಗೆ ತಂದು ಪರಿವರ್ತನಾ ನಾಯಕತ್ವ ಎಂದರು. ನೈತಿಕ, ಪ್ರಾಮಾಣಿಕ, ಸಬಲೀಕರಣದ ನಾಯಕತ್ವ ಹೀಗೆ ಪಟ್ಟಿ ಬೆಳೆಯಿತು. ಒಂದೊಂದಕ್ಕೂ ಒಂದು ಪ್ರಶ್ನಾವಳಿ, ಒಂದೊಂದು ಪ್ರಶ್ನಾವಳಿಗೂ ನೂರಾರು ಪಿಎಚ್‌ಡಿ. ಕೆಟ್ಟ ನಾಯಕತ್ವಕ್ಕೆ ಹೆಚ್ಚು ಬಳಕೆಯಾಗುವ ಅಳತೆಗೋಲು ಸಿಕ್ಕದ್ದು 2000ದಲ್ಲಿ. ಬೆನೆಟ್ ಟೆಪ್ಪರ್ ಆ ವರ್ಷ ‘ನಿಂದಕ ಮೇಲ್ವಿಚಾರಣೆ’ಯ 15 ಅಂಶಗಳ ಪಟ್ಟಿ ಪ್ರಕಟಿಸಿದರು: ಎಲ್ಲರೆದುರು ಹಂಗಿಸುವುದು, ಹಳೆಯ ತಪ್ಪನ್ನು ಮತ್ತೆಮತ್ತೆ ಎತ್ತುವುದು, ಮಾತು ಬಿಡುವುದು ಇತ್ಯಾದಿ. ಅಂಥವರ ಕೆಳಗಿನ ಜನ ಕೆಲಸ ಬಿಡುವುದು ಹೆಚ್ಚು. ಬಿಡಲಾಗದೆ ಉಳಿದವರ ಬಳಲಿಕೆ ಇನ್ನೂ ಹೆಚ್ಚು. ಬೇರೆ ಕಡೆ ಕೆಲಸ ಸಿಗುವ ದಾರಿ ಇರುವವನಿಗೆ ಬೈಗುಳ ಅಷ್ಟಾಗಿ ನಾಟುವುದಿಲ್ಲ ಎಂಬುದು ಆ ಅಧ್ಯಯನದ ಬೆಲೆಯುಳ್ಳ ಮಾತು.

ಮೈ ಹೇಳುವ ಸಾಕ್ಷಿ

ಈ ಶಾಖೆಯ ಅತ್ಯುತ್ತಮ ಪುರಾವೆ ಸಿಗುವುದು ಮ್ಯಾನೇಜ್‌ಮೆಂಟ್ ಪತ್ರಿಕೆಗಳಲ್ಲಿ ಅಲ್ಲ, ವೈದ್ಯಕೀಯ ಪತ್ರಿಕೆಗಳಲ್ಲಿ. 2003ರಲ್ಲಿ ಬ್ರಿಟನ್ನಿನ ವೇಜರ್, ಫೀಲ್ಡ್‌ಮನ್ ಮತ್ತು ಹಸಿ ಆಸ್ಪತ್ರೆಯ 28 ಮಹಿಳಾ ಸಹಾಯಕಿಯರ ತೋಳಿಗೆ ರಕ್ತದೊತ್ತಡ ಅಳೆಯುವ ಪಟ್ಟಿ ಕಟ್ಟಿದರು. ಅವರಲ್ಲಿ ಕೆಲವರು ಬೇರೆಬೇರೆ ದಿನಗಳಲ್ಲಿ ಇಬ್ಬರು ಮೇಲ್ವಿಚಾರಕರ ಕೆಳಗೆ ದುಡಿಯುತ್ತಿದ್ದರು. ಒಬ್ಬರನ್ನು ಕಂಡರೆ ಇಷ್ಟ, ಇನ್ನೊಬ್ಬರನ್ನು ಕಂಡರೆ ಆಗದು. ಕೆಲಸದ ಹೊತ್ತಿನುದ್ದಕ್ಕೂ ಅರ್ಧ ಗಂಟೆಗೊಮ್ಮೆ ಪಟ್ಟಿ ಬಿಗಿದು ಸಡಿಲವಾಗುತ್ತಿತ್ತು. ಆಗದವರ ಪಾಳಿಯಲ್ಲಿ ಮೇಲಿನ ಒತ್ತಡ ಸುಮಾರು 15 ಅಂಕಿ, ಕೆಳಗಿನದು 7 ಅಂಕಿ ಏರಿತ್ತು. ಆಸ್ಪತ್ರೆ ಅದೇ, ಕೆಲಸದ ಬಗೆ ಅದೇ, ಸಹಾಯಕಿಯೂ ಅವಳೇ. ಬದಲಾದದ್ದು ಮೇಲಿನವರು ಮಾತ್ರ. ಅಧ್ಯಯನ ಚಿಕ್ಕದು, ಆದರೆ ಒಬ್ಬಳನ್ನು ಅವಳ ಜೊತೆಗೇ ಹೋಲಿಸಿದ್ದರಿಂದ ಅದಕ್ಕೊಂದು ತೂಕವಿದೆ.

ದೊಡ್ಡ ಅಧ್ಯಯನಗಳು ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ ನಡೆದವು. 1967ರಲ್ಲಿ ಶುರುವಾದ ಮೊದಲ ವೈಟ್‌ಹಾಲ್ ಅಧ್ಯಯನ ಆಗಿನ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಹೃದಯಾಘಾತ ದೊಡ್ಡ ಸಾಹೇಬರ ಕಾಯಿಲೆ ಎಂದು ಜನ ನಂಬಿದ್ದರು. ಲೆಕ್ಕ ಹಾಕಿದರೆ ಜವಾನರೇ ಹೆಚ್ಚು ಸಾಯುತ್ತಿದ್ದರು. ಮೈಕೆಲ್ ಮಾರ್ಮಟ್ ಅವರ ಮುಂದಾಳತ್ವದಲ್ಲಿ 1985ರಲ್ಲಿ ಆರಂಭವಾದ ಎರಡನೇ ವೈಟ್‌ಹಾಲ್ ಅಧ್ಯಯನಕ್ಕೆ 10,308 ನೌಕರರು ಸೇರಿದರು. ತಮ್ಮ ಕೆಲಸವನ್ನು ಹೇಗೆ, ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ತಮ್ಮ ಕೈಯಲ್ಲಿಲ್ಲದವರಿಗೆ ಹೃದ್ರೋಗ ಹೆಚ್ಚು ಎಂದು 1997ರಲ್ಲಿ ಪ್ರಕಟವಾಯಿತು. 2005ರಲ್ಲಿ ಮಿಕಾ ಕಿವಿಮಾಕಿ ಮತ್ತು ಸಂಗಡಿಗರು ಇದೇ ನೌಕರರ ಅಂಕಿಗಳಿಂದ ನ್ಯಾಯದ ಪ್ರಶ್ನೆಗೆ ಬಂದರು. ನಿಮ್ಮ ಮೇಲಿನವರು ನಿಮ್ಮ ತೊಂದರೆ ಕೇಳಿಸಿಕೊಳ್ಳುತ್ತಾರೆಯೇ, ಸುಮ್ಮಸುಮ್ಮನೆ ತಪ್ಪು ಹೊರಿಸುತ್ತಾರೆಯೇ ಎಂಬಂಥ ಸರಳ ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಕೊಟ್ಟ ಗಂಡಸರಲ್ಲಿ ಹೃದ್ರೋಗದ ಅಪಾಯ ಸುಮಾರು ಮೂರನೇ ಒಂದು ಪಾಲು ಕಮ್ಮಿ ಇತ್ತು. 2009ರಲ್ಲಿ ಆನಾ ನ್ಯೂಬೆರಿ ಮತ್ತು ಸಂಗಡಿಗರು ಸ್ವೀಡನ್ನಿನ ಸ್ಟಾಕ್‌ಹೋಂ ಭಾಗದ 3,122 ಪುರುಷ ನೌಕರರನ್ನು ಆಸ್ಪತ್ರೆ ದಾಖಲೆಗಳವರೆಗೆ ಹಿಂಬಾಲಿಸಿದರು. ಮೇಲಿನವರಿಗೆ ಹೆಚ್ಚು ಅಂಕ ಕೊಟ್ಟವರಲ್ಲಿ ಹೃದಯಾಘಾತ ಕಮ್ಮಿಯಾಗಿತ್ತು, ಅದೇ ಕಚೇರಿಯಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಈ ನಂಟು ಬಿಗಿಯಾಗಿತ್ತು. ಒಟ್ಟು ಪ್ರಕರಣಗಳು 74 ಮಾತ್ರ ಎಂಬುದನ್ನು ನೆನಪಿಡಬೇಕು.

ನಿದ್ದೆಯ ಕಡೆಯಿಂದ ಬಂದ ಜೆರಾಲ್ಡ್ ಗ್ರೀನ್‌ಬರ್ಗ್ ಅವರ 2006ರ ಅಧ್ಯಯನ ಇನ್ನೂ ಗಟ್ಟಿ. ನಾಲ್ಕು ಆಸ್ಪತ್ರೆಗಳ 467 ನರ್ಸುಗಳು. ಎರಡು ಆಸ್ಪತ್ರೆಗಳಲ್ಲಿ ವೇತನ ಲೆಕ್ಕ ಹಾಕುವ ಕ್ರಮ ಬದಲಾಗಿ ಕೈಗೆ ಬರುವ ಹಣ ಇಳಿಯಿತು. ಅಲ್ಲಿನ ನರ್ಸುಗಳಿಗೆ ನಿದ್ದೆ ಹಾರಿತು. ಆದರೆ ಒಂದು ಕಡೆ ಮೇಲ್ವಿಚಾರಕರಿಗೆ ಸಿಬ್ಬಂದಿಯೊಡನೆ ಗೌರವದಿಂದ, ಬಿಡಿಸಿ ಹೇಳುತ್ತ ನಡೆದುಕೊಳ್ಳುವ ತರಬೇತಿ ಕೊಟ್ಟಿದ್ದರು. ಅಲ್ಲಿ ನಿದ್ದೆಗೇಡು ಕಮ್ಮಿಯಾಯಿತು. ಈ ಅಧ್ಯಯನವನ್ನು ಎರಡು ರೀತಿ ಓದಬಹುದು. ಒಳ್ಳೆಯ ಮೇಲ್ವಿಚಾರಕರಿಂದ ಒಳ್ಳೆಯದಾಗುತ್ತದೆ ಎನ್ನುವುದು ಒಂದು. ಸಂಬಳ ಕಡಿದೂ ನಿದ್ದೆ ಬರಿಸುವುದು ಹೇಗೆಂದು ಮಾಲೀಕರಿಗೆ ಗೊತ್ತಾಯಿತು ಎನ್ನುವುದು ಇನ್ನೊಂದು. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಮೊದಲನೆಯದನ್ನಷ್ಟೇ ಕಲಿಸುತ್ತಾರೆ.

ಕೆಲಸದ ಹೊರೆ, ಕೈಗೆ ಸಿಗುವ ಆಸರೆ

ನಾಯಕನ ಗುಣದಿಂದ ಗಮನವನ್ನು ಕೆಲಸದ ಏರ್ಪಾಟಿಗೆ ತಿರುಗಿಸಿದವರು ರಾಬರ್ಟ್ ಕರಾಸೆಕ್. ಅವರ 1979ರ ವಾದ ಇಷ್ಟು: ಹೊರೆ ಹೆಚ್ಚಾದರೆ ಮನುಷ್ಯ ಕುಸಿಯುವುದಿಲ್ಲ, ಹೊರೆ ಹೆಚ್ಚಾಗಿ ಹಿಡಿತ ಕಮ್ಮಿಯಾದರೆ ಕುಸಿಯುತ್ತಾನೆ. ಮುಂದೆ ಇದಕ್ಕೆ ಸುತ್ತಲಿನವರ ಬೆಂಬಲವೂ ಸೇರಿತು. ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ದುಡಿತಕ್ಕೂ ಪ್ರತಿಫಲಕ್ಕೂ ಇರುವ ಏರುಪೇರನ್ನು ಅಳತೆಗೆ ತಂದರು. 2001ರಲ್ಲಿ ದೆಮೆರೂಟಿ, ಬಾಕರ್, ನಾಹ್‌ರೈನರ್, ಸ್ಕೌಫೆಲಿ ನಾಲ್ವರೂ ಇವೆಲ್ಲವನ್ನು ಬೇಡಿಕೆ ಮತ್ತು ಸಂಪನ್ಮೂಲ ಎಂಬ ಒಂದೇ ತಕ್ಕಡಿಯಲ್ಲಿ ತೂಗಿದರು. ಈಗಿನ ಹೆಚ್ಚಿನ ಸಂಶೋಧನೆ ಬಳಸುವುದು ಈ ತಕ್ಕಡಿಯನ್ನೇ. ಇದರಲ್ಲಿ ನಾಯಕ ಎಂದರೆ ತಕ್ಕಡಿ ಹಿಡಿದವನು: ಟಾರ್ಗೆಟ್ ಏರಿಸುವವನೂ ಅವನೇ, ಇನ್ನೊಬ್ಬ ಹೆಲ್ಪರ್ ಕೊಡುವವನೂ ಅವನೇ.

ಸುಟ್ಟುಹೋದಂತಾಗುವ ಬಳಲಿಕೆಗೆ, ಅಂದರೆ ಬರ್ನ್‌ಔಟ್‌ಗೆ, ಆ ಹೆಸರನ್ನು ರೂಢಿಗೆ ತಂದವರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಕ್ರಿಸ್ಟಿನಾ ಮಾಸ್‌ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 1981ರಲ್ಲಿ ಅದಕ್ಕೊಂದು ಮಾಪಕ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಇದು ಕಾಯಿಲೆಯಾಗಿ ಅಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿಯಾಗಿ ದಾಖಲಾಗಿದೆ. ಕಾಯಿಲೆ ಎಂದಿದ್ದರೆ ಮದ್ದು ನೌಕರನಿಗೆ. ಉದ್ಯೋಗದ ಸ್ಥಿತಿ ಎಂದಾಗ ಮದ್ದು ಉದ್ಯೋಗಕ್ಕೆ.

ಲಾಭದ ಪಾಲು

ಮಾನವ ಸಂಪನ್ಮೂಲ ನಿರ್ವಹಣೆಯ ಪಂಡಿತರು ಬಹುಕಾಲ ಯೋಗಕ್ಷೇಮವನ್ನು ಒಂದು ಮೆಟ್ಟಿಲಾಗಿ ನೋಡಿದರು. ಆಯ್ಕೆ, ತರಬೇತಿ, ಬಡ್ತಿಗಳ ಪದ್ಧತಿ ಚೆನ್ನಾಗಿದ್ದರೆ ಕಂಪನಿ ಲಾಭ ಮಾಡುತ್ತದೆ ಎಂದು ಮಾರ್ಕ್ ಹ್ಯುಸೆಲಿಡ್ 1995ರಲ್ಲಿ ತೋರಿಸಿದ ಮೇಲೆ ಎಲ್ಲರ ಕಣ್ಣು ಲಾಭದ ಕಡೆಗೇ ಹೋಯಿತು. ಬ್ರಿಟನ್ನಿನ ಡೇವಿಡ್ ಗೆಸ್ಟ್ ಇದಕ್ಕೆ ತಕರಾರು ಎತ್ತುತ್ತ ಬಂದರು. ಅವರ 2017ರ ಲೇಖನ ಯೋಗಕ್ಷೇಮವೇ ಮೊದಲ ಗುರಿಯಾಗಲಿ ಎನ್ನುತ್ತದೆ. 2012ರಲ್ಲಿ ಕರೀನಾ ವಾನ್ ಡೆ ವೋರ್ಡೆ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದಾಗ ಸಿಕ್ಕ ಚಿತ್ರ ಎರಡು ಹೋಳಾಗಿತ್ತು. ಸಂತೋಷ ಮತ್ತು ಸಂಬಂಧದ ವಿಷಯದಲ್ಲಿ ಕಂಪನಿಗೂ ನೌಕರನಿಗೂ ಒಟ್ಟಿಗೆ ಒಳ್ಳೆಯದಾಗುತ್ತದೆ. ಆರೋಗ್ಯದ ವಿಷಯದಲ್ಲಿ ಕಂಪನಿಯ ಲಾಭ ನೌಕರನ ನಷ್ಟವಾಗುವ ಸಂಭವ ಹೆಚ್ಚು.

ನಿಯಮಾವಳಿಗೂ ನೌಕರನ ದಿನಕ್ಕೂ ನಡುವೆ ನಿಂತವರು ಯಾರು ಎಂಬ ಪ್ರಶ್ನೆಗೆ ಜಾನ್ ಪರ್ಸೆಲ್ ಮತ್ತು ಸ್ಯೂ ಹಚಿನ್ಸನ್ 2007ರಲ್ಲಿ ಉತ್ತರ ಕೊಟ್ಟರು. ಎಚ್‌ಆರ್ ವಿಭಾಗ ಬರೆದದ್ದು ಒಂದು, ಮೇಲ್ವಿಚಾರಕ ಜಾರಿ ಮಾಡುವುದು ಇನ್ನೊಂದು, ನೌಕರನಿಗೆ ಅನುಭವಕ್ಕೆ ಬರುವುದು ಮತ್ತೊಂದು. ಹೆರಿಗೆ ರಜೆಯ ನಿಯಮ ಎಲ್ಲ ಕಡೆ ಒಂದೇ. ಅರ್ಜಿ ಕೊಟ್ಟಾಗ ಮೇಲಿನವರ ಮುಖ ಹೇಗಾಗುತ್ತದೆ ಎಂಬುದು ಕಚೇರಿಗೊಂದು.

ಭಾರತದ ಪ್ರಯೋಗಶಾಲೆಗಳು

ಭಾರತದಲ್ಲಿ ಈ ವಿಚಾರ ಅಮೆರಿಕದ ಪಠ್ಯಗಳ ಹಿಂದೆ ಬಂದದ್ದಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ 1953ರಲ್ಲಿ ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ಸ್ವಯಂಚಾಲಿತ ಮಗ್ಗಗಳ ಶೆಡ್ಡಿಗೆ ಬಂದರು. ಹೊಸ ಮಗ್ಗ ಬಂದಿದ್ದರೂ ಉತ್ಪಾದನೆ ಏಳಲಿಲ್ಲ. ಒಬ್ಬ ಎಳೆ ಕಟ್ಟುವವನು, ಒಬ್ಬ ಎಣ್ಣೆ ಹಾಕುವವನು ಎಂದು ಕೆಲಸವನ್ನು ಚೂರು ಮಾಡಿದ್ದರಿಂದ ಯಾರ ಮಗ್ಗ ಯಾರದೂ ಅಲ್ಲ ಎಂಬಂತಾಗಿತ್ತು. ಕೆಲವು ಮಗ್ಗಗಳಿಗೆ ಒಂದು ಪುಟ್ಟ ತಂಡ ಎಂಬ ಸಲಹೆ ಬಂದದ್ದೇ ತಡ, ಕೆಲಸಗಾರರು ತಾವೇ ತಂಡ ಕಟ್ಟಿಕೊಂಡು ಬಂದರು. ಬಟ್ಟೆ ಹೆಚ್ಚಿತು, ಹಾಳಾಗುವುದು ಇಳಿಯಿತು. 1970ರ ಸುಮಾರಿಗೆ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್ಡಿನಲ್ಲಿ ಪದ್ಧತಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು, ಇನ್ನೊಂದು ಕಡೆ ಸವೆದುಹೋಗಿತ್ತು.

ಪಟ್ನಾದಲ್ಲಿದ್ದ ಜೈ ಬಿ. ಪಿ. ಸಿನ್ಹಾ 1980ರಲ್ಲಿ ಪೋಷಕ-ಕಾರ್ಯನಿಷ್ಠ ನಾಯಕನ ಕಲ್ಪನೆ ಮಂಡಿಸಿದರು. ಪಶ್ಚಿಮದ ಸರ್ವಸಮಾನ ನಾಯಕ ಇಲ್ಲಿಗೆ ಬಂದೊಡನೆ ಒಗ್ಗುವುದಿಲ್ಲ. ಮನೆಯ ಹಿರಿಯನಂತೆ ಕಷ್ಟಸುಖ ವಿಚಾರಿಸುವ, ಆದರೆ ಕೆಲಸ ಮಾಡಿದವನ ಮೇಲೇ ಆ ಪ್ರೀತಿ ತೋರಿಸುವ ಮುಖ್ಯಸ್ಥ ಇಲ್ಲಿ ಫಲ ಕೊಡುತ್ತಾನೆ, ಕ್ರಮೇಣ ಅವನು ಹಿಡಿತ ಸಡಿಲಿಸಬೇಕು ಎಂಬುದು ಅವರ ವಾದ. ಹಿಡಿತ ಸಡಿಲಿಸುವ ಎರಡನೇ ಭಾಗವನ್ನು ಓದುಗರು ಮರೆತದ್ದೇ ಹೆಚ್ಚು. ಉದಯ್ ಪಾರೀಕ್ ಪಾತ್ರದ ಒತ್ತಡಗಳನ್ನು ಹತ್ತು ಬಗೆಯಾಗಿ ವಿಂಗಡಿಸಿ ಮಾಪಕ ರೂಪಿಸಿದರು. ಅವರು ಮತ್ತು ಟಿ. ವಿ. ರಾವ್ 1970ರ ದಶಕದ ನಡುವೆ ಲಾರ್ಸನ್ ಅಂಡ್ ಟೂಬ್ರೊ ಕಂಪನಿಗೆ ಕೊಟ್ಟ ಸಲಹೆಯಿಂದ ದೇಶದ ಮೊದಲ ಮಾನವ ಸಂಪನ್ಮೂಲ ಅಭಿವೃದ್ಧಿ ವಿಭಾಗ ರೂಪುಗೊಂಡಿತು. ಅದಕ್ಕೂ ಮೊದಲು ಯೋಗಕ್ಷೇಮದ ಹೊಣೆ ಕಾನೂನಿನ ಪ್ರಕಾರ ಕಲ್ಯಾಣಾಧಿಕಾರಿಯದು; 500 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಅಂಥವರು ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಕ್ಯಾಂಟೀನು, ಶಿಶುವಿಹಾರ, ಶೌಚಾಲಯ ಅವರ ಲೆಕ್ಕ. ಸೂಪರ್‌ವೈಸರ್‌ನ ಬಾಯಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಹಾಥಾರ್ನ್ ಪ್ರಶ್ನೆಗೆ ಇವತ್ತಿನ ಅತ್ಯಂತ ಬಿಗಿಯಾದ ಉತ್ತರಗಳು ಬಂದಿರುವುದು ಬೆಂಗಳೂರಿನ ಗಾರ್ಮೆಂಟ್ಸ್‌ಗಳಿಂದ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಷಾಧಮ್ ಎಂಬ ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್‌ನ ಕಾರ್ಖಾನೆಗಳ ದಿನದಿನದ, ಲೈನ್‌ಲೈನಿನ ಲೆಕ್ಕ ಹಿಡಿದು ಒಂದು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದಾರೆ. ಹತ್ತಾರು ಮಿಷನ್ನುಗಳ ಸಾಲು. ಬಂಡಲ್ ಒಂದು ಕೈಯಿಂದ ಇನ್ನೊಂದಕ್ಕೆ ಹೋಗುತ್ತದೆ. ಕಾಲರ್‌ನವಳು ತಡೆದರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಗಂಟೆಗಂಟೆಯ ಪೀಸ್ ಲೆಕ್ಕ ಬೋರ್ಡಿನ ಮೇಲೆ. ಇಂಥ ಕಡೆ ಸೂಪರ್‌ವೈಸರ್‌ನ ಸ್ವಭಾವ ಅಂಕಿಯಲ್ಲೇ ಕಾಣುತ್ತದೆ. ಗಾಳಿ ಕೆಟ್ಟ ದಿನ ಕೆಲವರ ಕೈ ಇನ್ನುಳಿದವರಿಗಿಂತ ಹೆಚ್ಚು ನಿಧಾನವಾಗುತ್ತದೆ. ಗಮನವಿಟ್ಟ ಸೂಪರ್‌ವೈಸರ್ ಅದನ್ನು ಗುರುತಿಸಿ ಅಂಥವರನ್ನು ಹಗುರದ ಆಪರೇಷನ್ನಿಗೆ ಕೂರಿಸುತ್ತಾನೆ. ಗಮನ ಇಲ್ಲದವನು ಕೂಗುತ್ತಾನೆ, ಲೈನ್ ಹಿಂದೆಬೀಳುತ್ತದೆ. ಗಮನ, ಸ್ವಂತ ನಿರ್ಧಾರದ ಶಕ್ತಿ ಇಂಥ ಗುಣಗಳು ಉತ್ಪಾದನೆಯನ್ನು ಏರಿಸುತ್ತವೆ. ಆದರೆ ಆ ಗುಣವುಳ್ಳ ಸೂಪರ್‌ವೈಸರ್‌ಗೆ ಸಂಬಳದಲ್ಲಿ ತಕ್ಕ ಹೆಚ್ಚಳ ಸಿಗುತ್ತಿರಲಿಲ್ಲ ಎಂದೂ ಇದೇ ಸಂಶೋಧಕರು ತೋರಿಸಿದರು.

ದೀಪದ ಕಥೆಯೂ ಇಲ್ಲಿ ಮರಳಿ ಬಂತು. ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಕಾರ್ಖಾನೆಗಳಲ್ಲಿ ಬಿಸಿಲಿನ ದಿನಗಳಂದು ಉತ್ಪಾದನೆ ಬೀಳುವುದು ಬಹುಪಾಲು ನಿಂತಿತು. ಕರೆಂಟ್ ಬಿಲ್ ಉಳಿಸಲೆಂದು ಮಾಡಿದ ಕೆಲಸ ಅದು; ಹೊಸ ದೀಪ ಕಮ್ಮಿ ಬಿಸಿ ಉಗುಳುತ್ತಿದ್ದುದರಿಂದ ಅದರ ಕೆಳಗೆ ಕೂತವರ ಮೈ ತಂಪಾಯಿತು. ಸಿಸೆರೊದಲ್ಲಿ ದೀಪ ಕೆಲಸ ಮಾಡಲಿಲ್ಲ, ಬೆಂಗಳೂರಿನಲ್ಲಿ ಮಾಡಿತು. ಕಾರಣ ಬೆಳಕಲ್ಲ, ಸೆಕೆ.

ಇನ್ನೊಂದು ಪ್ರಯೋಗದಲ್ಲಿ, ನಿರೀಕ್ಷೆಗಿಂತ ಕಮ್ಮಿ ವೇತನ ಹೆಚ್ಚಳವಾದ 2016ರ ಸಂದರ್ಭದಲ್ಲಿ, ಸುಮಾರು 2,000 ಕೆಲಸಗಾರರಲ್ಲಿ ಕೆಲವರಿಗೆ ಮಾತ್ರ ಹೆಸರು ಹೇಳದೆ ಅಭಿಪ್ರಾಯ ಬರೆಯುವ ಅವಕಾಶ ಕೊಡಲಾಯಿತು. ಆ ಅವಕಾಶ ಸಿಕ್ಕವರು ಕೆಲಸ ಬಿಡುವ ಸಂಭವ 20% ಕಮ್ಮಿಯಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಪಿಎಫ್ ಹಣ ಹಿಂಪಡೆಯುವ ಹೊಸ ನಿಯಮದ ವಿರುದ್ಧ ಇದೇ ಊರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದು ಎರಡು ದಿನ ವಾಹನ ನಿಲ್ಲಿಸಿದ್ದರು. ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಅಭಿಪ್ರಾಯ ಹೇಳುವ ದಾರಿಗಳಲ್ಲಿ ಅದೂ ಒಂದು, ಸಂಶೋಧನಾ ಪತ್ರಿಕೆಗಳಲ್ಲಿ ಅಷ್ಟಾಗಿ ಕಾಣದಿದ್ದರೂ. ಸಂವಹನ, ಸಮಯ ನಿರ್ವಹಣೆ ಮುಂತಾದ ಜೀವನ ಕೌಶಲಗಳ ತರಬೇತಿಯ ಪ್ರಯೋಗದಲ್ಲಿ ಕಲಿತ ಹೆಂಗಸರ ಉತ್ಪಾದನೆ 13.5% ಹೆಚ್ಚಿತು, ಕೂಲಿ ಹೆಚ್ಚಿದ್ದು 0.5%. ಕಂಪನಿಗೆ ಎಂಟು ತಿಂಗಳಲ್ಲಿ ಬಂದ ನಿವ್ವಳ ಪ್ರತಿಫಲ 256%. ಹಾಲು ಕರೆದವರು ಒಬ್ಬರು, ಕುಡಿದವರು ಇನ್ನೊಬ್ಬರು. ಈ ಅಂತರವನ್ನು ಸಂಶೋಧಕರೇ ಲೇಖನದ ಮುಖ್ಯ ಸಂಗತಿಯಾಗಿ ಮುಂದಿಟ್ಟದ್ದು ಅವರ ಪ್ರಾಮಾಣಿಕತೆ.

ಮದ್ದುಗಳು

ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ಕಾರ್ಯಾಗಾರ, ಜಿಮ್ ಕೂಪನ್: ಕಂಪನಿಗಳು ಕ್ಷೇಮದ ಹೆಸರಲ್ಲಿ ಹೆಚ್ಚಾಗಿ ಕೊಡುವುದು ಇವನ್ನು. ಇಲಿನಾಯ್ ವಿಶ್ವವಿದ್ಯಾಲಯದ 4,834 ನೌಕರರ ಮೇಲೆ ಚೀಟಿ ಎತ್ತಿದಂತೆ ಹಂಚಿ ನಡೆಸಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಕಾರ್ಯಕ್ರಮ ಮೊದಲ ವರ್ಷ ವೈದ್ಯಕೀಯ ಖರ್ಚನ್ನೂ ರಜೆಯನ್ನೂ ಅಲ್ಲಾಡಿಸಲಿಲ್ಲ. ಸೇರಿದವರು ಮೊದಲೇ ಆರೋಗ್ಯವಾಗಿದ್ದವರು. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಹೋಲಿಸಿದಾಗ ಆ್ಯಪ್, ಕಾರ್ಯಾಗಾರಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಮೇಲಾಗಿರಲಿಲ್ಲ.

ಮೇಲಿನವರಿಗೆ ತರಬೇತಿ ಕೊಟ್ಟರೆ? ಆಸ್ಟ್ರೇಲಿಯಾದ ಅಗ್ನಿಶಾಮಕ ಸೇವೆಯೊಂದರ 128 ಅಧಿಕಾರಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ಭರವಸೆ ಕೊಡುತ್ತದೆ. ಮನಸ್ಸು ಕುಸಿದ ಸಿಬ್ಬಂದಿಯನ್ನು ಹೇಗೆ ಮಾತಾಡಿಸಬೇಕು ಎಂಬ ನಾಲ್ಕು ಗಂಟೆಗಳ ಪಾಠ, ಅಷ್ಟೇ. ಅವರ ಕೆಳಗಿನವರು ಕೆಲಸದ ಕಾರಣಕ್ಕೆ ತೆಗೆದುಕೊಳ್ಳುವ ಕಾಯಿಲೆ ರಜೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಇಂಥ ತರಬೇತಿಯನ್ನು ಶಿಫಾರಸು ಮಾಡುತ್ತದೆ. ಬ್ರಿಟನ್ 2004ರಿಂದ ಹೊರೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರ, ಬದಲಾವಣೆ ಎಂಬ ಆರು ಅಂಶಗಳ ಮಾನದಂಡ ಇಟ್ಟುಕೊಂಡಿದೆ. ದುಡಿದುದುಡಿದೇ ಸಾಯುವುದಕ್ಕೆ ‘ಕರೋಶಿ’ ಎಂಬ ಪದವನ್ನೇ ಹುಟ್ಟಿಸಿದ ಜಪಾನ್ 2015ರ ಡಿಸೆಂಬರ್‌ನಿಂದ 50 ಅಥವಾ ಹೆಚ್ಚು ಜನರಿರುವ ಕಡೆ ವರ್ಷಕ್ಕೊಮ್ಮೆ ಒತ್ತಡ ತಪಾಸಣೆಯನ್ನು ಕಡ್ಡಾಯ ಮಾಡಿದೆ.

ತಕರಾರುಗಳು

2010ರಲ್ಲಿ ಯಾನ್ನೆ ಸ್ಕಾಕೊನ್ ಮತ್ತು ಸಂಗಡಿಗರು ಮೂರು ದಶಕಗಳ 49 ಲೇಖನಗಳನ್ನು ಪರಿಶೀಲಿಸಿ ನಂಟು ಇದೆ, ಆದರೆ ಅದು ಯಾವ ದಾರಿಯಿಂದ ಕೆಲಸ ಮಾಡುತ್ತದೆ ಎಂಬುದು ಮಸುಕು ಎಂದರು. ಮಸುಕಿಗೆ ಮುಖ್ಯ ಕಾರಣ ಅಳತೆ. ನಿಮ್ಮ ಬಾಸ್ ಹೇಗೆ, ನೀವು ಹೇಗಿದ್ದೀರಿ ಎಂಬ ಎರಡೂ ಪ್ರಶ್ನೆಯನ್ನು ಒಬ್ಬನಿಗೇ, ಒಂದೇ ಹಾಳೆಯಲ್ಲಿ, ಒಂದೇ ಹೊತ್ತಿನಲ್ಲಿ ಕೇಳಿದರೆ ಅವನ ಆ ದಿನದ ಮನಸ್ಸು ಎರಡೂ ಉತ್ತರಕ್ಕೆ ಬಣ್ಣ ಬಳಿಯುತ್ತದೆ. ಕುಗ್ಗಿದವನಿಗೆ ಬಾಸ್ ಕೆಟ್ಟವನಾಗಿ ಕಾಣುತ್ತಾನೆ. ಕುಗ್ಗಿದವನ ಮೇಲೆ ಬಾಸ್ ರೇಗುವುದೂ ನಿಜ. ಡರ್ಕ್ ವಾನ್ ಡೀರೆಂಡಾಂಕ್ ಮತ್ತು ಸಂಗಡಿಗರ 2004ರ ಅಧ್ಯಯನ ಈ ಎರಡೂ ದಿಕ್ಕಿನ ಓಟವನ್ನು ತೋರಿಸಿತು. ಥಾಮಸ್ ಫಿಷರ್ ಮತ್ತು ಸಿಮ್ ಸಿಟ್ಕಿನ್ 2023ರಲ್ಲಿ ಹತ್ತು ಶೈಲಿಗಳ ಮಾಪಕಗಳನ್ನು ಬಿಚ್ಚಿ ನೋಡಿ ಇನ್ನೂ ಕಟುವಾಗಿ ಹೇಳಿದರು: ಇವು ನಾಯಕ ಏನು ಮಾಡಿದ ಎಂಬುದನ್ನು ಅಳೆಯುತ್ತಿಲ್ಲ, ಅವನು ಒಳ್ಳೆಯವನೆಂದು ಅನಿಸಿತೇ ಎಂಬುದನ್ನು ಅಳೆಯುತ್ತಿವೆ. ಒಳ್ಳೆಯವನಿಂದ ಒಳ್ಳೆಯದಾಯಿತು ಎಂದರೆ ಅದು ಶೋಧವಲ್ಲ, ಸುತ್ತುಮಾತು. ಶೈಲಿಗಳ ಸಾಹಿತ್ಯದ ದೊಡ್ಡ ಪಾಲು ಈ ಆಕ್ಷೇಪದ ಮುಂದೆ ನಿಲ್ಲುವುದು ಕಷ್ಟ. ದೂರು, ರಜೆ, ನಿದ್ದೆ, ರಕ್ತದೊತ್ತಡ, ಲೈನಿನ ಪೀಸ್ ಲೆಕ್ಕ ಎಣಿಸಿದ ಅಧ್ಯಯನಗಳು ನಿಲ್ಲುತ್ತವೆ.

ನಾಯಕರ ಕ್ಷೇಮದ ಕಡೆ ಗಮನ ಹೋದದ್ದು ತಡವಾಗಿ. ಕ್ರಿಸ್ಟಫರ್ ಬಾರ್ನ್ಸ್ ಮತ್ತು ಸಂಗಡಿಗರು 2015ರಲ್ಲಿ ಮೇಲ್ವಿಚಾರಕರ ನಿದ್ದೆಯ ಡೈರಿ ಇಟ್ಟು ನೋಡಿದಾಗ, ರಾತ್ರಿ ನಿದ್ದೆ ಕೆಟ್ಟ ಮೇಲ್ವಿಚಾರಕನ ಬಾಯಿ ಬೆಳಿಗ್ಗೆ ಕೆಟ್ಟಿರುತ್ತಿತ್ತು, ತಂಡದ ಹುರುಪು ಇಳಿಯುತ್ತಿತ್ತು. ಲೈನ್ ಸೂಪರ್‌ವೈಸರ್‌ಗೆ ಫ್ಲೋರ್ ಇನ್‌ಚಾರ್ಜ್ ಬೈಯುತ್ತಾನೆ, ಅವನಿಗೆ ಫ್ಯಾಕ್ಟರಿ ಮ್ಯಾನೇಜರ್, ಮ್ಯಾನೇಜರ್‌ಗೆ ಸಾವಿರಾರು ಮೈಲಿ ಆಚೆಯ ಬೈಯರ್‌ನ ಶಿಪ್‌ಮೆಂಟ್ ದಿನಾಂಕ. ಈ ಸರಪಳಿಯನ್ನು ತುದಿಯವರೆಗೆ ಹಿಡಿದ ಅಧ್ಯಯನಗಳು ಇನ್ನೂ ವಿರಳ.

ಆ್ಯಪ್ ಆಧಾರಿತ ದುಡಿಮೆ ಬಂದ ಮೇಲೆ ಮೇಲಿನವರೆಂಬುವರೇ ಕಾಣೆಯಾಗಿದ್ದಾರೆ. ಆರ್ಡರ್ ಹಂಚುವುದು, ದರ ಕಟ್ಟುವುದು, ಐಡಿ ಬ್ಲಾಕ್ ಮಾಡುವುದು ಎಲ್ಲವೂ ಗಣಕದ ಲೆಕ್ಕ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಈ ಸ್ವಯಂಚಾಲಿತ ವ್ಯವಸ್ಥೆಗಳು ಹೇಗೆ ನಿರ್ಧಾರ ಮಾಡುತ್ತವೆ ಎಂದು ಕಾರ್ಮಿಕನಿಗೆ ತಿಳಿಸುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿದೆ. ಸಂಶೋಧಕರು ತಮ್ಮ ಪ್ರಶ್ನಾವಳಿಗಳನ್ನು ಹೊಸದಾಗಿ ಬರೆಯಬೇಕಾಗಿ ಬಂದಿದೆ: ನಿಮ್ಮ ಮೇಲಿನವರು ನಿಮ್ಮ ತೊಂದರೆ ಕೇಳಿಸಿಕೊಳ್ಳುತ್ತಾರೆಯೇ ಎಂಬ ವೈಟ್‌ಹಾಲ್ ಕಾಲದ ಪ್ರಶ್ನೆಯನ್ನು ಮಳೆಯಲ್ಲಿ ಸಿಗ್ನಲ್‌ಗೆ ನಿಂತ ಡೆಲಿವರಿ ಹುಡುಗನಿಗೆ ಕೇಳಿದರೆ, ಯಾರನ್ನು ಕೇಳುತ್ತಿದ್ದೀರಿ ಎಂದು ಅವನೇ ತಿರುಗಿ ಕೇಳುತ್ತಾನೆ.